ಸಹಿಗೆ ಮೊದಲು ಬಂದು ಕೂತುಕೊಳ್ಳಿ: ಗದಗ-ಬೆಟಗೇರಿಯ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಗದಗ-ಬೆಟಗೇರಿಯ ಪದವಿ ಕಾಲೇಜು, ಪಾಲಿಟೆಕ್ನಿಕ್‌ಗಳ ಪ್ರಾಂಶುಪಾಲರಿಗೆ, ಆಡಳಿತ ಮಂಡಳಿಯ ಹಿರಿಯರಿಗೆ ಮತ್ತು ಕಾಲೇಜು ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ,

ಶರಣು ಶರಣಾರ್ಥಿ.

ನಾನು ಗದಗಿನಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ನಮ್ಮ ತಂದೆ ಇದೇ ಊರಿನ ಇನ್ನೊಂದು ಪ್ರೆಸ್ಸಿನಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗಲೂ ಅವರ ಬೆರಳ ತುದಿಯ ಕಪ್ಪು ಹೋಗಿರುತ್ತಿರಲಿಲ್ಲ. ಈಗ ನಮ್ಮದೇ ಒಂದು ಆಫ್‌ಸೆಟ್ ಮಷೀನ್ ಇದೆ, ಎರಡು ಕಂಪ್ಯೂಟರ್ ಇವೆ, ಆರು ಮಂದಿ ಕೆಲಸಗಾರರಿದ್ದಾರೆ. ಲಗ್ನಪತ್ರಿಕೆ, ಬಿಲ್ ಬುಕ್, ಕ್ಯಾಲೆಂಡರ್, ಜಾತ್ರೆಯ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಇವೇ ನಮ್ಮ ಅನ್ನ. ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ. ಆ ಹೆಸರು ಉಳಿಯಬೇಕಾದರೆ ಮಷೀನು ಇದ್ದರೆ ಸಾಲದು, ಕಲಿತ ಮಕ್ಕಳು ಬೇಕು. ಅದಕ್ಕೇ ಈ ಪತ್ರ.

2022ರಲ್ಲಿ ಒಂದು ಕಾಲೇಜಿನವರು ನಮ್ಮ ಪ್ರೆಸ್ಸಿಗೆ ಬಂದಿದ್ದರು. ಮೂರು ಪುಟದ ಒಪ್ಪಂದ ತಂದಿದ್ದರು. ಇಂಗ್ಲಿಷಿನಲ್ಲಿತ್ತು. ನಾನು ಸಹಿ ಮಾಡಿದೆ, ಸೀಲು ಹಾಕಿದೆ. ಶಾಲು ಹೊದಿಸಿದರು, ಫೋಟೋ ತೆಗೆದರು. ಒಳಗೆ ಮಷೀನ್ ಓಡುತ್ತಿತ್ತು. ಅದರ ಹತ್ತಿರ ಯಾರೂ ಹೋಗಲಿಲ್ಲ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು.

ಅದಾದ ಮೇಲೆ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಇಪ್ಪತ್ತೆರಡು ಮಕ್ಕಳು ನಮ್ಮ ಬಾಗಿಲಲ್ಲಿ ನಿಂತಿದ್ದರು. ಹದಿನೈದು ದಿನದ ಇಂಟರ್ನ್‌ಶಿಪ್ಪಂತೆ. ಮುಂಚೆ ಒಂದು ಫೋನೂ ಬಂದಿರಲಿಲ್ಲ. ಮೇ ಅಂದರೆ ಪ್ರೆಸ್ಸಿನವರಿಗೆ ಊಟಕ್ಕೂ ಪುರುಸೊತ್ತಿರದ ಕಾಲ. ಮದುವೆ, ಗೃಹಪ್ರವೇಶ, ಉಪನಯನ ಎಲ್ಲ ಆಗಲೇ. ಇಪ್ಪತ್ತಕ್ಕೆ ನಲವತ್ತು ಅಡಿಯ ನಮ್ಮ ಜಾಗದಲ್ಲಿ ಅಷ್ಟು ಮಂದಿ ನಿಲ್ಲೋದಕ್ಕೂ ಆಗಲ್ಲ. ಮೂರು ದಿನ ಅವರು ಹೊರಗೆ ಕಟ್ಟೆ ಮೇಲೆ ಕೂತರು. ನಾಲ್ಕನೇ ದಿನ ಅರ್ಧ ಮಂದಿ ಬರಲಿಲ್ಲ. ಹದಿನೈದನೇ ದಿನ ಎಲ್ಲರೂ ಸರ್ಟಿಫಿಕೇಟಿಗೆ ಬಂದರು. ನಾನು ಸಹಿ ಮಾಡಿ ಕೊಟ್ಟೆ. ಆ ಇಪ್ಪತ್ತೆರಡು ಸಹಿಗಳ ಬಗ್ಗೆ ನನಗೆ ಇವತ್ತಿಗೂ ನೋವಿದೆ. ಆ ಮಕ್ಕಳು ಏನೂ ಕಲಿಯಲಿಲ್ಲ ಅನ್ನೋದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವಾಗ ಒಪ್ಪಂದಗಳ ಲೆಕ್ಕ ತೋರಿಸಬೇಕಾಗುತ್ತದೆ ಅಂತ ಆಮೇಲೆ ತಿಳಿಯಿತು. ಲೆಕ್ಕ ಕೇಳೋದು ತಪ್ಪಲ್ಲ. ಆದರೆ ಆ ಲೆಕ್ಕದ ಹಿಂದೆ ಒಬ್ಬ ಹುಡುಗನೋ ಹುಡುಗಿಯೋ ಏನಾದರೂ ಕಲಿತಿರಬೇಕು, ಅಲ್ವಾ?

ಇನ್ನೊಂದು ಅನುಭವವನ್ನೂ ಹೇಳಬೇಕು. ನಿಜ ಹೇಳಬೇಕೆಂದರೆ ಈ ಪತ್ರ ಬರೆಯೋದಕ್ಕೆ ಕಾರಣ ಅದೇ.

2023ರ ಆಷಾಢ. ಕೆಲಸ ಕಮ್ಮಿ ಇತ್ತು. ಮಧ್ಯಾಹ್ನ ಒಬ್ಬ ಮೇಡಮ್ಮೋರು ಸ್ಕೂಟಿ ಮೇಲೆ ಒಬ್ಬರೇ ಬಂದರು. ಬೇರೊಂದು ಕಾಲೇಜಿನಲ್ಲಿ ಕನ್ನಡ ಕಲಿಸುವವರು. ಕೈಯಲ್ಲಿ ಫೈಲ್ ಇರಲಿಲ್ಲ, ಒಂದು ನೋಟ್‌ಬುಕ್ ಇತ್ತು.

"ಕುಂದರ್ರಿ ಮೇಡಮ್ಮೋರ, ಏನ್ ಪ್ರಿಂಟ್ ಆಗಬೇಕಿತ್ತ್ರಿ?" ಅಂದೆ.

"ಏನೂ ಇಲ್ರಿ. ನಿಮ್ಮ ಪ್ರೆಸ್ಸಿನ್ಯಾಗ ದಿನಾ ಯಾವ ಕೆಲಸ ಬಾಕಿ ಉಳಿತಾವು, ಅಷ್ಟ್ ಕೇಳಾಕ ಬಂದೀನ್ರಿ" ಅಂದರು.

ಅಷ್ಟು ವರ್ಷದಲ್ಲಿ ನನಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. "ನಿಮಗೆ ಏನು ಬೇಕು" ಅಂತ ಕೇಳಿದ್ದರೆ ಬಾಯಿಗೆ ಬಂದಿದ್ದು ಹೇಳಿಬಿಡುತ್ತಿದ್ದೆ. ಏನು ಬಾಕಿ ಉಳಿಯುತ್ತದೆ ಅಂದಾಗ ಯೋಚನೆ ಮಾಡಬೇಕಾಯಿತು. ಎರಡು ತಾಸು ಕೂತರು. ಮಷೀನ್ ನಡೆಸುವ ಅಣ್ಣನ ಹತ್ತಿರವೂ ಮಾತಾಡಿದರು, ಬೈಂಡಿಂಗ್ ಮಾಡುವ ಅಕ್ಕನ ಹತ್ತಿರವೂ ಮಾತಾಡಿದರು. ಎಲ್ಲ ಬರೆದುಕೊಂಡರು.

ಎರಡು ಕೆಲಸ ಬಾಕಿ ಉಳಿಯುತ್ತಿದ್ದವು. ಒಂದು ಪ್ರೂಫ್ ನೋಡೋದು, ಅಂದರೆ ಅಚ್ಚಿಗೆ ಮೊದಲು ತಪ್ಪು ತಿದ್ದೋದು. ಗಿರಾಕಿಗಳು ಈಗ ವಾಟ್ಸಾಪಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಕಳಿಸುತ್ತಾರೆ. ಪುಟ ಜೋಡಿಸುವ ನಮ್ಮ ಹಳೆಯ ಪೇಜ್‌ಮೇಕರ್ ತಂತ್ರಾಂಶಕ್ಕೆ ಅದು ಹಿಡಿಸುವುದಿಲ್ಲ. ಹಳೆಯ ‘ನುಡಿ’ ಅಕ್ಷರಕ್ಕೆ ಬದಲಾಯಿಸಿದರೆ ಒತ್ತಕ್ಷರ ಒಂದು ಕಡೆ ಹೋಗುತ್ತದೆ, ಅರ್ಕಾವತ್ತು ಇನ್ನೊಂದು ಕಡೆ. ಅದನ್ನೆಲ್ಲ ಒಂದೊಂದೇ ತಿದ್ದಬೇಕು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ (ಡಿಟಿಪಿ) ಹುಡುಗನಿಗೆ ಕೈ ಓಡುತ್ತದೆ, ಆದರೆ ಶ, ಷ, ಸ ಎಲ್ಲ ಅವನಿಗೆ ಒಂದೇ. ಇನ್ನೊಂದು ಕೆಲಸ ಲೆಕ್ಕ. ಯಾವ ಕೆಲಸದಲ್ಲಿ ಉಳಿಯಿತು, ಯಾವುದರಲ್ಲಿ ಹೋಯಿತು ಅಂತ ನಾನು ಯಾವತ್ತೂ ಕೂತು ನೋಡಿರಲಿಲ್ಲ.

ಮೇಡಮ್ಮೋರು ಇಬ್ಬರನ್ನು ಕಳಿಸಿದರು. ಬರೀ ಇಬ್ಬರು. ಹುಲಕೋಟಿ ಕಡೆಯಿಂದ ಬಸ್ಸಿಗೆ ಬರುವ ಬಿ.ಎ. ಹುಡುಗಿ, ಕನ್ನಡ ಐಚ್ಛಿಕ. ಬೆಟಗೇರಿಯ ನೇಕಾರರ ಮನೆಯ ಬಿ.ಕಾಂ. ಹುಡುಗ. ಬುಧವಾರ, ಶನಿವಾರ ಮಧ್ಯಾಹ್ನ ಎರಡರಿಂದ ಐದರ ತನಕ, ಹದಿನೈದು ದಿನಕ್ಕಲ್ಲ, ಇಡೀ ವರ್ಷಕ್ಕೆ. ಕಳಿಸುವ ಮೊದಲು ಇಬ್ಬರ ತಂದೆ ತಾಯಿಯನ್ನೂ ಪ್ರೆಸ್ಸಿಗೆ ಕರೆತಂದು ತೋರಿಸಿದರು. ಹುಡುಗಿಯ ಅವ್ವ ಎಲ್ಲ ಕಡೆ ಕಣ್ಣಾಡಿಸಿ, "ಇಲ್ಲಿ ಹೆಣ್ಮಕ್ಕಳು ಎಷ್ಟ್ ಮಂದಿ ಅದಾರ್ರಿ ಅಣ್ಣಾರ?" ಅಂತ ಕೇಳಿದರು. ಬೈಂಡಿಂಗಿನ ಅಕ್ಕನ ಹತ್ತಿರ ಹೋಗಿ ಕೂತರು. ಅಲ್ಲಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಮುಂದಿನ ಬುಧವಾರ ಹುಡುಗಿ ಬಂದಳು.

ಆ ಹುಡುಗಿ ಬಂದ ಮೂರನೇ ವಾರದ ಮಾತು. ಆರುನೂರು ಲಗ್ನಪತ್ರಿಕೆಯ ಕೆಲಸ. ಪ್ರೂಫ್ ಗಿರಾಕಿ ನೋಡಿ ಆಗಿತ್ತು, ನಾನೂ ನೋಡಿದ್ದೆ, ಅಚ್ಚಿನ ಪ್ಲೇಟ್‌ಗೆ ಹೋಗಬೇಕಿತ್ತು. ಅವಳು ಸುಮ್ನೆ ಕೈಗೆ ತೆಗೆದುಕೊಂಡು ಓದಿದಳು. ಕೆಂಪು ಪೆನ್ನು ತೆಗೆದು ಒಂದು ಅಕ್ಷರಕ್ಕೆ ಸುತ್ತು ಹಾಕಿದಳು. "ಕಾಕಾ, ವರನ ಹೆಸರು ಶಂಕರ ಇರಬೇಕಲ್ಲರಿ? ಇಲ್ಲಿ ಸಂಕರ ಆಗೇತಿ" ಅಂದಳು. ಶಂಕರ ಅಂದರೆ ಶಿವ. ಸಂಕರ ಅಂದರೆ ಬೆರಕೆ. ಆರುನೂರು ಮನೆಗೆ ಹೋಗಬೇಕಿದ್ದ ಪತ್ರಿಕೆ ಅದು. ನಾನು ಆ ಪ್ರೂಫ್ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಅವಳಿಗೂ ಅವತ್ತು ಒಂದು ವಿಷಯ ಹೊಳೆಯಿತು ಅಂತ ಕಾಣುತ್ತದೆ. ಕನ್ನಡ ತೆಗೆದುಕೊಂಡು ಬಿ.ಎ. ಮಾಡಿದರೆ ಏನು ಸಿಗುತ್ತದೆ ಅಂತ ಮನೆಯಲ್ಲಿ, ಬಸ್ಸಿನಲ್ಲಿ, ಎಲ್ಲರೂ ಕೇಳುತ್ತಿದ್ದರಂತೆ. ಮುದ್ರಣದ ಊರಿನಲ್ಲಿ ಸರಿಯಾಗಿ ಕನ್ನಡ ಬಲ್ಲ ಕಣ್ಣಿಗೆ ಬೆಲೆ ಇದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮ ಊರಿನಲ್ಲಿ ಕನ್ನಡದ ತರಗತಿಗೂ ಪ್ರೆಸ್ಸಿಗೂ ನಡುವೆ ಒಂದು ಮೈಲು ದೂರವಿಲ್ಲ. ಆದರೂ ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುವುದಿಲ್ಲ.

ಹುಡುಗ ಲೆಕ್ಕ ಹಿಡಿದ. ಕಾಗದ, ಪ್ಲೇಟ್, ಶಾಯಿ, ಕರೆಂಟು, ಕೂಲಿ ಎಲ್ಲ ಬೇರೆ ಬೇರೆ ಬರೆದ. ಮಷೀನಿನ ಹತ್ತಿರ ನಿಂತು, ಬಣ್ಣ ಕೂಡುವ ತನಕ ಎಷ್ಟು ಹಾಳೆ ಹಾಳಾಗುತ್ತವೆ ಅಂತ ಎಣಿಸಿದ. ನಾಲ್ಕು ಬಣ್ಣದ ಕೆಲಸ ಅಂದರೆ ಒಂದರ ಮೇಲೊಂದು ನಾಲ್ಕು ಪ್ಲೇಟ್ ಕೂಡಬೇಕು. ಕೂದಲೆಳೆಯಷ್ಟು ಜರುಗಿದರೂ ಮುಖಕ್ಕೆ ಎರಡು ಅಂಚು ಕಾಣುತ್ತದೆ. ನಮ್ಮ ಮಷೀನಿನ ಅಣ್ಣ ಭೂತಗನ್ನಡಿ ಹಿಡಿದು, ಮೂಲೆಯ ಗುರುತಿನ ಗೆರೆಗಳನ್ನು ನೋಡಿ, ತಿರುಗಣಿ ಒಂದಿಷ್ಟು ತಿರುಗಿಸಿ, ಮತ್ತೆ ಹತ್ತು ಹಾಳೆ ಬಿಟ್ಟು ನೋಡುತ್ತಾನೆ. ಮಳೆಗಾಲದಲ್ಲಿ ಕಾಗದ ತೇವ ಕುಡಿದು ಅಂಚು ಏಳುತ್ತದೆ, ಆಗ ಹಾಳೆ ಇನ್ನೂ ಜಾಸ್ತಿ ಹೋಗುತ್ತವೆ. ಸಣ್ಣ ಕೆಲಸಗಳಲ್ಲಿ ಈ ಹಾಳೆಗಳ ಖರ್ಚನ್ನು ನಾನು ಗಿರಾಕಿಗೆ ಹಾಕುತ್ತಲೇ ಇರಲಿಲ್ಲ. ಇನ್ನೂರು ಪ್ರತಿಯ ಬಣ್ಣದ ಕೆಲಸಗಳಲ್ಲಿ ನಾನು ಕೈಯಿಂದ ಹಾಕುತ್ತಿದ್ದೇನೆ ಅಂತ ಇಪ್ಪತ್ತು ವರ್ಷದ ಹುಡುಗ ನನಗೆ ತೋರಿಸಿದ. ಆ ಹುಡುಗನಿಗೆ ಪರೀಕ್ಷೆಯಲ್ಲಿ ಕಾಸ್ಟಿಂಗ್ ವಿಷಯ ಬಂದಾಗ ಪುಸ್ತಕ ತೆರೆಯಲೇ ಇಲ್ಲವಂತೆ.

2024ರ ಲೋಕಸಭೆ ಚುನಾವಣೆಯ ಹೊತ್ತಿಗೆ ಇಬ್ಬರೂ ಪ್ರೆಸ್ಸಿನವರೇ ಆಗಿದ್ದರು. ಚುನಾವಣೆ ಕರಪತ್ರದ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು, ಮುದ್ರಿಸುವ ಮೊದಲು ಪ್ರಕಾಶಕರಿಂದ ಘೋಷಣೆ ಬರೆಸಿಕೊಳ್ಳಬೇಕು, ಅವರನ್ನು ಬಲ್ಲ ಇಬ್ಬರು ಅದಕ್ಕೆ ಸಹಿ ಹಾಕಬೇಕು, ಮುದ್ರಿಸಿದ ಮೇಲೆ ಜಿಲ್ಲಾಧಿಕಾರಿ ಕಚೇರಿಗೆ ಪ್ರತಿ ಕಳಿಸಬೇಕು. ಜನಪ್ರತಿನಿಧಿ ಕಾಯ್ದೆಯ 127ಎ ಕಲಮು ಇದು. ಆ ಕಾಗದಗಳನ್ನೆಲ್ಲ ಆ ಹುಡುಗಿಯೇ ಜೋಡಿಸಿ ಇಟ್ಟಳು. ಕಾನೂನು ಹೇಗೆ ಬೀದಿಗೆ ಇಳಿಯುತ್ತದೆ ಅಂತ ಅವಳು ಕಲಿತಿದ್ದು ಹಾಗೆ.

ಆಮೇಲೆ ಮೇಡಮ್ಮೋರಿಗೆ ವರ್ಗ ಆಯಿತು. ಕಾಲೇಜಿಗೆ ಫೋನ್ ಮಾಡಿದೆ. ಯಾರ ಹತ್ತಿರ ಮಾತಾಡಬೇಕು ಅಂತ ಅವರಿಗೂ ತಿಳಿಯಲಿಲ್ಲ. ಎರಡು ಸಲ ಹೋಗಿ ಬಂದೆ. ಅಲ್ಲಿಗೆ ಅದು ನಿಂತೇ ಹೋಯಿತು.

ಮೊದಲ ಸಲ ಕಾಗದ ಇತ್ತು, ಮನುಷ್ಯರಿರಲಿಲ್ಲ. ಎರಡನೇ ಸಲ ಮನುಷ್ಯರಿದ್ದರು, ಕಾಗದ ಇರಲಿಲ್ಲ. ನಾನು ನಿಮ್ಮನ್ನು ಕೇಳುತ್ತಿರುವುದು ಇಷ್ಟೇ. ಎರಡೂ ಒಟ್ಟಿಗೆ ಇರಲಿ. ಮೊದಲು ಮನುಷ್ಯರು ಬರಲಿ, ಕೂತು ಮಾತಾಡಲಿ. ಕೆಲಸ ಕೂಡಿಬಂದ ಮೇಲೆ ಅದನ್ನು ಕನ್ನಡದಲ್ಲಿ ಬರೆದಿಡಿ. ಒಬ್ಬರಿಗೆ ವರ್ಗವಾದರೆ ಇನ್ನೊಬ್ಬರು ಆ ಹಾಳೆ ಹಿಡಿದು ನಮ್ಮ ಬಾಗಿಲಿಗೆ ಬರುವ ಹಾಗಿರಲಿ.

ಮೇಡಮ್ಮೋರೇ ನನಗೆ ಸಮುದಾಯ ಕಾಲೇಜು ಅನ್ನುವ ಮಾತು ಹೇಳಿದ್ದು. ಆಮೇಲೆ ನಾನೂ ಓದಿಕೊಂಡೆ. ಅಮೆರಿಕದ ಜೋಲಿಯೆಟ್ ಅನ್ನುವ ಊರಿನಲ್ಲಿ 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳಿಂದ ಶುರುವಾದ ಕಾಲೇಜನ್ನು ಇದರ ಮೊದಲು ಅನ್ನುತ್ತಾರೆ. ದೂರ ಹೋಗಿ ಓದಲು ಆಗದವರಿಗೆ ಊರಲ್ಲೇ ಓದು, ಹಗಲು ದುಡಿಯುವವರಿಗೆ ಸಂಜೆ ತರಗತಿ, ಊರಿನ ಕಸುಬಿಗೆ ಬೇಕಾದ ಪಾಠ. ಅಲ್ಲಿ 2018ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ, ವೃತ್ತಿ ಶಿಕ್ಷಣಕ್ಕೆ ಕೇಂದ್ರದ ಹಣ ಪಡೆಯುವ ಕಾಲೇಜು ಎರಡು ವರ್ಷಕ್ಕೊಮ್ಮೆಯಾದರೂ ಊರಿನ ಉದ್ಯೋಗದಾತರನ್ನು, ಪಾಲಕರನ್ನು, ವಿದ್ಯಾರ್ಥಿಗಳನ್ನು ಕೇಳಿ ಇಲ್ಲಿನ ಅಗತ್ಯ ಏನು ಅಂತ ಬರೆಯಲೇಬೇಕು. ಮೇಡಮ್ಮೋರು ನೋಟ್‌ಬುಕ್ ಹಿಡಿದು ಬಂದು ಮಾಡಿದ್ದು ಅದನ್ನೇ. ಅವರಿಗೆ ಯಾವ ಕಾನೂನೂ ಹೇಳಿರಲಿಲ್ಲ.

ನಮ್ಮ ದೇಶಕ್ಕೂ ಇದು ಹೊಸದಲ್ಲ. 1995ರಲ್ಲೇ ಪುದುಚೇರಿಯಲ್ಲಿ ಸಮುದಾಯ ಕಾಲೇಜು ಶುರುವಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವೂ (ಯುಜಿಸಿ) ಆಮೇಲೆ ಸಮುದಾಯ ಕಾಲೇಜುಗಳ ಯೋಜನೆ ತಂದಿತು. 2014ರಲ್ಲಿ ಬಿ.ವೋಕ್ ಅನ್ನುವ ವೃತ್ತಿ ಪದವಿ ಬಂತು. ಅದರ ಆಗಿನ ನಿಯಮದಲ್ಲಿ ವರ್ಷಕ್ಕೆ 60 ಕ್ರೆಡಿಟ್ ಇದ್ದರೆ 36 ಕೈಕೆಲಸಕ್ಕೆ, 24 ಸಾಮಾನ್ಯ ಓದಿಗೆ. ಒಂದು ವರ್ಷಕ್ಕೆ ನಿಲ್ಲಿಸಿದರೆ ಡಿಪ್ಲೊಮಾ, ಎರಡಕ್ಕೆ ಉನ್ನತ ಡಿಪ್ಲೊಮಾ, ಮೂರಕ್ಕೆ ಪದವಿ. ಇದು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಎಷ್ಟು ದೊಡ್ಡ ಮಾತು ಅಂತ ನಿಮಗೇ ಗೊತ್ತು. ನಡುವೆ ಮದುವೆಯಾಗಿ ಹೋದರೆ, ಮನೆಯಲ್ಲಿ ತೊಂದರೆಯಾಗಿ ಓದು ಬಿಟ್ಟರೆ, ಬರಿಗೈಲಿ ಹೋಗಬೇಕಾಗಿಲ್ಲ. ಇಂಥ ಮುದ್ರಣದ ಕೋರ್ಸು ಗದಗಿನಲ್ಲಿ ಆಗದೆ ಇನ್ನೆಲ್ಲಿ ಆಗಬೇಕು?

ಪುದುಚೇರಿಯ ಹೆಸರು ಇನ್ನೊಂದಕ್ಕೂ ನೆನಪಾಗುತ್ತದೆ. ದೇಶದ ಮೊದಲ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಶುರುವಾಗಿದ್ದೂ ಅಲ್ಲೇ. ನಮ್ಮ ಹುಲಕೋಟಿಯಲ್ಲೂ ಒಂದಿದೆ. ಕೃಷಿ ವಿಜ್ಞಾನ ಕೇಂದ್ರದವರು ರೈತರ ಹೊಲಕ್ಕೇ ಹೋಗುತ್ತಾರೆ. ಹೊಸ ಬೀಜವನ್ನು ಅವರ ಹೊಲದಲ್ಲೇ ಬಿತ್ತಿ ತೋರಿಸುತ್ತಾರೆ. ಅವರ ಸಲಹಾ ಸಮಿತಿಯಲ್ಲಿ ರೈತರೂ ಕೂರುತ್ತಾರೆ. ಹೊಲಕ್ಕೆ ವಿಜ್ಞಾನಿ ಬರಬಹುದಾದರೆ ಪ್ರೆಸ್ಸಿಗೆ, ಮಗ್ಗದ ಮನೆಗೆ, ಗ್ಯಾರೇಜಿಗೆ ಉಪನ್ಯಾಸಕರು ಯಾಕೆ ಬರಬಾರದು?

ನಮ್ಮ ನೆಲದಲ್ಲಿ ಕೂಡಿ ಮಾಡುವ ಕೆಲಸಕ್ಕೆ ಹಳೆಯ ಬೇರಿದೆ. 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ. ಸಿದ್ದನಗೌಡ ಪಾಟೀಲರು ಹಳ್ಳಿಯ ಜನರನ್ನು ಕೂಡಿಸಿ ಮಾಡಿದ್ದು. ವೀರೇಶ್ವರ ಪುಣ್ಯಾಶ್ರಮವನ್ನೇ ನೋಡಿ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಸ್ವಂತ ಕಾಲ ಮೇಲೆ ನಿಲ್ಲಿಸಿದರು. ಆಶ್ರಮ ನಡೆಸೋದಕ್ಕೆ ನಾಟಕ ಕಂಪನಿ ಕಟ್ಟಿದರು. ಊರವರು ಜೋಳ ಕೊಟ್ಟರು, ಅಕ್ಕಿ ಕೊಟ್ಟರು. ಆಶ್ರಮದಲ್ಲಿ ಕಲಿತವರು ಊರೂರಿನಲ್ಲಿ ಪುರಾಣಕ್ಕೆ, ಕೀರ್ತನೆಗೆ, ತಬಲಾ ಸಾಥಿಗೆ ಹೋದರು. ಅಲ್ಲಿ ಊರು ಬೇರೆ, ಶಾಲೆ ಬೇರೆ ಅಂತ ಇರಲೇ ಇಲ್ಲ. ನಮ್ಮ ಕಣ್ಣೆದುರಿಗೇ ಇದೆಲ್ಲ ನಡೆದಿದೆ.

ಈಗ ಕೆಲವು ಮಾತು ನೇರವಾಗಿ.

ಪ್ರತಿ ಕಾಲೇಜಿನಲ್ಲೂ ಊರಿನ ಜೊತೆ ವ್ಯವಹರಿಸಲಿಕ್ಕೆ ಒಬ್ಬ ಉಪನ್ಯಾಸಕರನ್ನು ಹೆಸರಿಸಿ. ಅವರ ಫೋನ್ ನಂಬರು ನಮ್ಮ ಗೋಡೆ ಮೇಲೆ ಇರಬೇಕು. ಆದರೆ ಇದನ್ನು ಅವರ ತಲೆ ಮೇಲೆ ಹೆಚ್ಚಿನ ಹೊರೆಯಾಗಿ ಹಾಕಬೇಡಿ. ವಾರಕ್ಕೆ ಎರಡು ಮೂರು ಪೀರಿಯಡ್ ಕಮ್ಮಿ ಮಾಡಿ, ಆ ಹೊತ್ತನ್ನು ಊರಲ್ಲಿ ತಿರುಗೋದಕ್ಕೆ ಕೊಡಿ. ಆ ಮೇಡಮ್ಮೋರು ತಮ್ಮ ಮನೆಯ ಹೊತ್ತಿನಲ್ಲಿ, ತಮ್ಮ ಪೆಟ್ರೋಲಿನಲ್ಲಿ ಬರುತ್ತಿದ್ದರು. ಒಬ್ಬರ ಒಳ್ಳೆಯತನದ ಮೇಲೆ ಎಷ್ಟು ದಿನ ನಡೆಯುತ್ತದೆ? ಇಲಾಖೆಯ ಅಧಿಕಾರಿಗಳು ಇದನ್ನು ಕೆಲಸ ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಊರಿನ ಪಂಚಾಂಗ ನೋಡಿ ಮಕ್ಕಳನ್ನು ಕಳಿಸಿ. ಪ್ರೆಸ್ಸಿಗೆ ಆಷಾಢ ಬಿಡುವು, ಕಲಿಸಲಿಕ್ಕೆ ಒಳ್ಳೆಯ ಕಾಲ. ದೀಪಾವಳಿ ಆದ ಮೇಲೆ ಕ್ಯಾಲೆಂಡರ್ ಕೆಲಸ ಏರುತ್ತದೆ, ಆಗ ಕಲಿತವರ ಕೈ ಬೇಕು. ಬೆಟಗೇರಿಯ ಮಗ್ಗಕ್ಕೆ, ಎಪಿಎಂಸಿಗೆ, ಕಬ್ಬಿಣದ ಕೆಲಸದವರಿಗೆ ಬೇರೆ ಬೇರೆ ಕಾಲ. ಕೇಳಿದರೆ ಎಲ್ಲರೂ ಹೇಳುತ್ತಾರೆ. ಎಲ್ಲ ಮಕ್ಕಳನ್ನೂ ಒಂದೇ ಹದಿನೈದು ದಿನದಲ್ಲಿ ಊರೊಳಗೆ ಬಿಟ್ಟರೆ ಯಾರಿಗೂ ಉಪಯೋಗವಿಲ್ಲ. ವಾರಕ್ಕೆ ಎರಡು ಮಧ್ಯಾಹ್ನ, ವರ್ಷವಿಡೀ. ನನ್ನ ಅನುಭವದಲ್ಲಿ ಕೆಲಸ ಮಾಡಿದ್ದು ಅದೊಂದೇ.

ಸಲಹಾ ಸಮಿತಿ ಮಾಡಿದರೆ ಕೈಯಿಂದ ಕೆಲಸ ಮಾಡುವವರನ್ನೂ ಕೂರಿಸಿ. ದೊಡ್ಡ ಉದ್ಯಮಿಗಳು ಬೇಕು, ಬೇಡ ಅನ್ನೋದಿಲ್ಲ. ಆದರೆ ನಮ್ಮ ಮಷೀನಿನ ಅಣ್ಣನಿಗೆ, ಮಗ್ಗದ ಮೇಲೆ ಕೂರುವ ತಾಯಿಗೆ ಗೊತ್ತಿರೋದು ಅವರಿಗೆ ಗೊತ್ತಿರೋದಿಲ್ಲ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಇವರು ಬರಲು ಆಗದು, ಒಂದು ದಿನದ ಕೂಲಿ ಹೋಗುತ್ತದೆ. ಸಂಜೆ ಏಳರ ಮೇಲೆ ಇಡಿ. ಕನ್ನಡದಲ್ಲಿ ಮಾತಾಡಿ. ಕಾಲೇಜಿನ ಎಸಿ ರೂಮೇ ಆಗಬೇಕಿಲ್ಲ, ಬೆಟಗೇರಿಯ ಯಾವುದಾದರೂ ಗುಡಿಯ ಕಟ್ಟೆಯೂ ಆದೀತು.

ದುಡ್ಡಿನ ಮಾತು ಆಡಲು ಎಲ್ಲರೂ ಹಿಂಜರಿಯುತ್ತಾರೆ. ಬಡವರ ಮಕ್ಕಳು ಬಿಟ್ಟಿ ದುಡಿಯಲಾರರು. ಆ ಹುಡುಗ ಪ್ರೆಸ್ಸಿಗೆ ಬಂದ ಮಧ್ಯಾಹ್ನ ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಲು ಒಂದು ಕೈ ಕಮ್ಮಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಅಪ್ರೆಂಟಿಸ್ ತೆಗೆದುಕೊಳ್ಳೋದು ಕಡ್ಡಾಯ. 4ರಿಂದ 29 ಮಂದಿ ಇರುವ ನಮ್ಮಂಥವರು ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಪದವಿ, ಡಿಪ್ಲೊಮಾ ಮುಗಿಸಿದವರಿಗೆ ಕೊಡುವ ನಿಗದಿತ ಸ್ಟೈಪೆಂಡಿನಲ್ಲಿ ಅರ್ಧ ಪಾಲನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆಯೂ ಇದೆ. ಇಷ್ಟು ವರ್ಷ ಪ್ರೆಸ್ ನಡೆಸಿದರೂ ನನಗೆ ಇದು ಗೊತ್ತಿರಲಿಲ್ಲ. ಆ ಬಿ.ಕಾಂ. ಹುಡುಗ ಹುಡುಕಿ ಹೇಳಿದ. ಪೋರ್ಟಲ್, ಲಾಗಿನ್, ಫಾರ್ಮು ಅಂದರೆ ನಮ್ಮಂಥ ಸಣ್ಣವರು ಹೆದರುತ್ತೇವೆ. ಕಾಲೇಜಿನವರು ಒಂದು ದಿನ ಕೂತು ಹತ್ತು ಅಂಗಡಿಗಳ ನೋಂದಣಿ ಮಾಡಿಸಿಕೊಟ್ಟರೆ ಹತ್ತು ಮಕ್ಕಳಿಗೆ ದಾರಿ ಆಗುತ್ತದೆ.

ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡಬಾರದು. ಕಾಲೇಜಿನ ಮಕ್ಕಳು ಬಂದರೆ ಚಹಾ ತರಿಸೋದು, ಕಸ ಹೊಡೆಸೋದು, ಪಾರ್ಸೆಲ್ ಕೊಟ್ಟು ಬಸ್‌ಸ್ಟ್ಯಾಂಡಿಗೆ ಕಳಿಸೋದು ನಮ್ಮಲ್ಲಿ ನಡೆಯುತ್ತದೆ. ಬಹಳ ಅಂಗಡಿಗಳಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ ಇಲ್ಲ. ನನ್ನಲ್ಲೂ ಇರಲಿಲ್ಲ. ಆ ಹುಡುಗಿ ಬರತೊಡಗಿದ ಎರಡನೇ ತಿಂಗಳಲ್ಲಿ ಕಟ್ಟಿಸಿದೆ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುವ ಬೈಂಡಿಂಗಿನ ಅಕ್ಕ ಅವತ್ತು, "ಈಕಿ ಬಂದಿದ್ದಕ್ಕ ನನಗೂ ಆತು ನೋಡ್ರಿ" ಅಂದರು. ಅವರಿಗಾಗಿ ನಾನು ಹದಿನಾಲ್ಕು ವರ್ಷದ ಹಿಂದೆಯೇ ಕಟ್ಟಿಸಬೇಕಿತ್ತು. ಮಕ್ಕಳನ್ನು ಕಳಿಸುವ ಮೊದಲು ಇಂಥದ್ದನ್ನೆಲ್ಲ ನೀವು ಬಂದು ನೋಡಿ. ಸರಿ ಇಲ್ಲದಿದ್ದರೆ ಮುಖದ ಮೇಲೆ ಹೇಳಿ. ನಮಗೆ ಬೇಜಾರಾಗಬಹುದು. ಆದರೂ ಹೇಳಿ.

ಇನ್ನು ಬಾಗಿಲು ಎರಡೂ ಕಡೆಯಿಂದ ತೆರೆಯಬೇಕು. ನಿಮ್ಮ ಮಕ್ಕಳು ನಮ್ಮಲ್ಲಿಗೆ ಬಂದ ಹಾಗೆ ನಮ್ಮ ಜನ ನಿಮ್ಮಲ್ಲಿಗೆ ಬರಬೇಕು. ನಮ್ಮ ಮಷೀನಿನ ಅಣ್ಣ ಏಳನೇ ತರಗತಿಗೆ ಶಾಲೆ ಬಿಟ್ಟವನು. ಬಣ್ಣದ ವಿಷಯದಲ್ಲಿ ಅವನ ಕಣ್ಣಿಗೆ ಸಮನಾದ ಕಣ್ಣು ನಾನು ನೋಡಿಲ್ಲ. ಆದರೆ ಹೊಸ ಮಷೀನುಗಳೆಲ್ಲ ಕಂಪ್ಯೂಟರಿನ ಮೇಲೆ ನಡೆಯುತ್ತವೆ. ಪರದೆ ಮೇಲೆ ಇಂಗ್ಲಿಷ್ ಅಕ್ಷರ ಬಂದರೆ ಕೈ ಹಿಂದೆ ತೆಗೆಯುತ್ತಾನೆ. ನಿಮ್ಮ ಕಂಪ್ಯೂಟರ್ ಲ್ಯಾಬಿಗೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ. ವಾರದಲ್ಲಿ ಮೂರು ಸಂಜೆ ಅದನ್ನು ಊರಿನ ಕೆಲಸಗಾರರಿಗೆ ತೆರೆಯಿರಿ. ಕಲಿಸೋದಕ್ಕೆ ನಿಮ್ಮ ಕೊನೆ ವರ್ಷದ ಮಕ್ಕಳೇ ಸಾಕು. ಇದೇ ಅಣ್ಣನನ್ನು ವರ್ಷಕ್ಕೆ ಎರಡು ದಿನ ನಿಮ್ಮ ತರಗತಿಗೆ ಕರೆಸಿ, ಕರಿಹಲಗೆಯ ಮುಂದೆ ನಿಲ್ಲಿಸಿ. ಕಾಗದದ ಸ್ವಭಾವ ಅವನು ಹೇಳಿದಂತೆ ಯಾವ ಪುಸ್ತಕವೂ ಹೇಳುವುದಿಲ್ಲ.

ಬೇರೆ ಕಸುಬುಗಳ ಬಗ್ಗೆ ಆ ಕಸುಬಿನವರೇ ಹೇಳಬೇಕು. ನಾನು ಕಂಡಷ್ಟು ಹೇಳುತ್ತೇನೆ. ಬೆಟಗೇರಿಯಲ್ಲಿ ಸೀರೆ ನೇಯುವವರಿಗೆ ತಮ್ಮ ಸೀರೆಯ ಒಳ್ಳೆಯ ಫೋಟೋ ತೆಗೆಯಲು, ಅದರ ಬಗ್ಗೆ ನಾಲ್ಕು ಸಾಲು ಬರೆಯಲು, ದೂರದ ಗಿರಾಕಿಗೆ ಕಳಿಸಲು ಯಾರಾದರೂ ಬೇಕು. ನಿಮ್ಮಲ್ಲಿ ಅದನ್ನು ಮಾಡಬಲ್ಲ ನೂರು ಮಕ್ಕಳಿದ್ದಾರೆ. ಕಪ್ಪತಗುಡ್ಡದ ಕಡೆ ಹೋದರೆ ಗಾಳಿ ವಿದ್ಯುತ್ತಿನ ಕಂಬಗಳು ಸಾಲಾಗಿ ನಿಂತಿವೆ. ಅವುಗಳ ಕೆಳಗೆ ನಮ್ಮ ಹಳ್ಳಿಯ ಹುಡುಗರು ಕಾವಲಿಗೆ ಕೂತಿರೋದನ್ನು ನೋಡಿದ್ದೇನೆ. ಆ ಯಂತ್ರದ ಒಳಗೆ ಏನಿದೆ ಅಂತ ಆ ಹುಡುಗರಿಗೆ ಕಲಿಸುವ ಪಾಲಿಟೆಕ್ನಿಕ್ಕನ್ನು ನಾನು ನೋಡಬೇಕು. ನನ್ನ ಆಸೆ ಅದು.

ಹುಲಕೋಟಿ ಕಡೆಯ ಆ ಹುಡುಗಿ ಈಗ ಹುಬ್ಬಳ್ಳಿಯಲ್ಲಿ ಎಂ.ಎ. ಓದುತ್ತಿದ್ದಾಳೆ. ಮೂರು ಪ್ರೆಸ್ಸುಗಳಿಗೆ ಪ್ರೂಫ್ ನೋಡಿಕೊಡುತ್ತಾಳೆ, ಫೋನಿನಲ್ಲೇ. ಓದಿನ ಖರ್ಚು ಅದರಲ್ಲೇ ನಡೆಯುತ್ತದಂತೆ. ಹುಡುಗ ಒಂದು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಾನೆ, ತಿಂಗಳಿಗೊಮ್ಮೆ ಬಂದು ನನ್ನ ಲೆಕ್ಕವನ್ನೂ ನೋಡಿ ಹೋಗುತ್ತಾನೆ. ಅವರಿಬ್ಬರು ಕೂರುತ್ತಿದ್ದ ಮೇಜು ಈಗ ಖಾಲಿ ಇದೆ. ಅದರ ಮೇಲೆ ಕಾಗದದ ರೀಮ್ ಇಡಬೇಡಿ ಅಂತ ಕೆಲಸದವರಿಗೆ ಹೇಳಿದ್ದೇನೆ.

ಬರುವ ಆಷಾಢದಲ್ಲಿ ನಿಮ್ಮಲ್ಲಿ ಯಾರಾದರೂ ಒಬ್ಬರು ಬನ್ನಿ. ಮಧ್ಯಾಹ್ನ ಮೂರರ ಮೇಲೆ ಮಷೀನ್ ನಿಲ್ಲಿಸಿರುತ್ತೇನೆ, ಮಾತು ಸರಿಯಾಗಿ ಕೇಳಿಸುತ್ತದೆ. ಎರಡು ತಾಸು ಬಿಡುವು ಮಾಡಿಕೊಂಡು ಬನ್ನಿ, ಒಂದು ನೋಟ್‌ಬುಕ್ ತನ್ನಿ. ಮಷೀನಿನ ಅಣ್ಣ, ಬೈಂಡಿಂಗಿನ ಅಕ್ಕ ಇಬ್ಬರೂ ಇರುತ್ತಾರೆ. ಪಕ್ಕದ ಎರಡು ಪ್ರೆಸ್ಸಿನವರಿಗೂ ಬರಲು ಹೇಳುತ್ತೇನೆ.

ಇಂತಿ ನಿಮ್ಮ,
ಗದಗಿನ ಒಬ್ಬ ಮುದ್ರಕ